ಒಂದೇ ಮನೆ, ಮೂರು ಹವಾಮಾನ

ಕರಾಮದ ಒಂದು ಫ್ಲಾಟಿನೊಳಗೆ ಎಷ್ಟು ಕಾಲಗಳಿವೆ ಎಂದು ಜುಲೈ ತಿಂಗಳಲ್ಲಿ ಯಾರಾದರೂ ಕೇಳಿದರೆ ನಾವು ಧೈರ್ಯವಾಗಿ ಮೂರು ಎನ್ನಬಹುದು. ಹಾಲಿನಲ್ಲಿ ಚಳಿಗಾಲ, ಪಡುವಣಕ್ಕೆ ಮುಖ ಮಾಡಿದ ಬೆಡ್‌ರೂಮಿನಲ್ಲಿ ಕಡು ಬೇಸಿಗೆ, ಅಡುಗೆಮನೆಯಲ್ಲಿ ಬೆವರಿನ ಮಳೆಗಾಲ. ಹಾಲಿಗೆ ಬಂದ ನೆಂಟರು ಶಾಲು ಹೊದ್ದು ಕೂರುತ್ತಾರೆ. ಅದೇ ಹೊತ್ತಿಗೆ ಒಳಗಿನ ಕೋಣೆಯಲ್ಲಿ ಮಗು ದಿಂಬನ್ನು ತಿರುಗಿಸಿ ತಿರುಗಿಸಿ ತಂಪು ಬದಿ ಹುಡುಕುತ್ತಿರುತ್ತದೆ. ಯಂತ್ರ ಒಂದೇ, ಬಿಲ್ಲೂ ಒಂದೇ. ತಂಪು ಮಾತ್ರ ಎಲ್ಲರಿಗೂ ಸಮನಾಗಿ ಸಿಗುವುದಿಲ್ಲ.

ವಾರ್ಷಿಕ ಸಂಚಿಕೆಯಲ್ಲಿ ಬರೆಯಲು ಇದೆಂಥ ವಿಷಯ ಎಂದು ಕೆಲವರಿಗೆ ಅನಿಸಬಹುದು. ಆದರೆ ವರ್ಷದಲ್ಲಿ ಐದಾರು ತಿಂಗಳು ಕಿಟಕಿ ಮುಚ್ಚಿಕೊಂಡು ಒಂದು ಯಂತ್ರದ ಉಸಿರಿನಲ್ಲಿ ಬದುಕುವ ನಮಗೆ, ಮನೆಯೊಳಗಿನ ತಂಪು ಎಂದರೆ ನಿದ್ದೆ, ಆರೋಗ್ಯ, ಮಕ್ಕಳ ಓದು, ತಿಂಗಳ ಖರ್ಚು ಎಲ್ಲವೂ ಹೌದು. ಆದ್ದರಿಂದ ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಕೋಣೆ ಕೋಣೆಗಳ ನಡುವಿನ ಈ ವ್ಯತ್ಯಾಸ ಹೆಚ್ಚಿನ ಮನೆಗಳಲ್ಲಿ ಯಂತ್ರದ ಶಕ್ತಿ ಸಾಲದೆ ಆದದ್ದಲ್ಲ, ಗಾಳಿಗೆ ದಾರಿ ಇಲ್ಲದೆ ಆದದ್ದು. ಅದನ್ನು ಕಡಿಮೆ ಖರ್ಚಿನಲ್ಲಿ ಬಹುಮಟ್ಟಿಗೆ ಸರಿಪಡಿಸಬಹುದು. ಆದರೂ ವರ್ಷಗಟ್ಟಲೆ ಅದು ಹಾಗೆಯೇ ಉಳಿಯುವುದಕ್ಕೆ ಕಾರಣ, ಬಿಸಿ ಕೋಣೆಯಲ್ಲಿ ಮಲಗುವವರು ಸಾಮಾನ್ಯವಾಗಿ ಮನೆಯಲ್ಲಿ ಬಾಯಿ ಬಿಟ್ಟು ಹೇಳದವರು.

‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎನ್ನುವುದು ನಾವು ಊರಿನಿಂದ ಇಲ್ಲಿಗೆ ಹೊತ್ತು ತಂದ ಮಾತು. ಬಸ್ಸಿನ ಸೀಟಿನಲ್ಲಿ ಅದು ಚೆಂದ, ಏಕೆಂದರೆ ಅರ್ಧ ಗಂಟೆಯಲ್ಲಿ ನಿಲ್ದಾಣ ಬರುತ್ತದೆ. ಮನೆಯಲ್ಲಿ ಹಾಗಲ್ಲ. ಅಡ್ಜಸ್ಟ್ ಮಾಡಿಕೊಳ್ಳುವವರು ಪ್ರತಿ ರಾತ್ರಿಯೂ ಅವರೇ ಆಗಿರುತ್ತಾರೆ: ಊರಿನಿಂದ ವಿಸಿಟ್ ವೀಸಾದಲ್ಲಿ ಬಂದ ಅಮ್ಮ, ಪರೀಕ್ಷೆಗೆ ಓದುವ ಮಗಳು, ಶೇರಿಂಗ್‌ನಲ್ಲಿ ಒಂದು ಮೂಲೆ ಹಿಡಿದ ಹುಡುಗ, ಒಲೆಯ ಮುಂದೆ ನಿಂತ ಮನೆಯಾಕೆ. ರಿಮೋಟ್ ಮಾತ್ರ ಹಾಲಿನ ಸೋಫಾದ ಮೇಲೆ ಇರುತ್ತದೆ.

ಗಾಳಿ ಇದ್ದಲ್ಲಿಗೆ ಮನುಷ್ಯ

ಹಿಂದಿನವರಿಗೂ ಈ ಸಮಸ್ಯೆ ಇತ್ತು, ಅವರ ಪರಿಹಾರ ಬೇರೆ ಇತ್ತು. ಕರಾಮದಿಂದ ಸ್ವಲ್ಪ ದೂರದಲ್ಲಿ, ಕ್ರೀಕ್ ದಂಡೆಯ ಅಲ್ ಫಹಿದಿ ಬಡಾವಣೆಯಲ್ಲಿ, ಗಾಳಿಗೋಪುರದ ಹಳೆಯ ಮನೆಗಳನ್ನು ನಾವೆಲ್ಲ ಮಕ್ಕಳಿಗೆ ತೋರಿಸಿದ್ದೇವೆ. ಪರ್ಷಿಯಾದ ಬಸ್ತಕ್ ಕಡೆಯಿಂದ ಬಂದ ವ್ಯಾಪಾರಿಗಳು ಕಟ್ಟಿದ ಮನೆಗಳವು. ಬಸ್ತಕಿಯಾ ಎಂಬ ಹಳೆಯ ಹೆಸರು ಬಂದದ್ದೂ ಅದರಿಂದಲೇ. ಬರ್ಜೀಲ್ ಎನ್ನುವ ಆ ಗೋಪುರ ನಾಲ್ಕೂ ದಿಕ್ಕಿನ ಗಾಳಿಯನ್ನು ಮೇಲೆ ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತಿತ್ತು. ಅದು ಇಡೀ ಮನೆಯನ್ನು ತಂಪು ಮಾಡುತ್ತಿರಲಿಲ್ಲ. ತನ್ನ ಕೆಳಗಿನ ಕೋಣೆಯನ್ನು ಮಾತ್ರ ತಂಪು ಮಾಡುತ್ತಿತ್ತು, ಬೇಸಿಗೆಯಲ್ಲಿ ಮನೆಯವರು ಅಲ್ಲಿಗೆ ಸೇರುತ್ತಿದ್ದರು. ಇನ್ನು ಕರಾವಳಿಯ ಅನೇಕ ಕುಟುಂಬಗಳು ಬೇಸಿಗೆ ಬಂದರೆ ಖರ್ಜೂರದ ತೋಟಗಳಿರುವ ಓಯಸಿಸ್‌ಗಳಿಗೇ ಹೊರಟುಬಿಡುತ್ತಿದ್ದವು.

ನಮ್ಮಲ್ಲೂ ಅಷ್ಟೇ. ಕಲಬುರಗಿ, ವಿಜಯಪುರ, ರಾಯಚೂರು ಕಡೆಯ ಮಾಳಿಗೆ ಮನೆಗಳಲ್ಲಿ ದಪ್ಪ ಗೋಡೆಯ ನಡುಮನೆ ಹಗಲಿಗೆ, ಮಾಳಿಗೆ ರಾತ್ರಿಗೆ. ಬೆಳಕಿಂಡಿಯಿಂದ ಬಿಸಿ ಗಾಳಿ ಮೇಲಕ್ಕೆ ಹೋಗುತ್ತಿತ್ತು. ಕರಾವಳಿಯ ಹಂಚಿನ ಮನೆಯಲ್ಲಿ ಸೆಕೆ ಹೆಚ್ಚಾದರೆ ಚಾಪೆ ಜಗಲಿಗೆ ಬರುತ್ತಿತ್ತು. ಅಂದರೆ ಗಾಳಿ ಮನುಷ್ಯನಿದ್ದಲ್ಲಿಗೆ ಬರುತ್ತಿರಲಿಲ್ಲ, ಮನುಷ್ಯನೇ ಗಾಳಿ ಇದ್ದಲ್ಲಿಗೆ ಹೋಗುತ್ತಿದ್ದ. ಹೋದರೆ ಮನೆಮಂದಿಯೆಲ್ಲ ಒಟ್ಟಿಗೆ ಹೋಗುತ್ತಿದ್ದರು, ಅದೇ ಅದರ ದೊಡ್ಡ ಗುಣ.

ಯಂತ್ರ ಬಂದ ಮೇಲೆ ಲೆಕ್ಕ ಬದಲಾಯಿತು. 1902ರಲ್ಲಿ ಅಮೆರಿಕದ ವಿಲಿಸ್ ಕ್ಯಾರಿಯರ್ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕಾಗಿ ಆಧುನಿಕ ಹವಾನಿಯಂತ್ರಣವನ್ನು ರೂಪಿಸಿದಾಗ ಅವರ ಮುಂದಿದ್ದದ್ದು ಮನುಷ್ಯನ ಸೆಕೆ ಅಲ್ಲ. ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಜಾಗ ತಪ್ಪುತ್ತಿದ್ದವು, ಅದನ್ನು ನಿಲ್ಲಿಸಬೇಕಿತ್ತು. ಈ ಮಾತು ನೆನಪಿಡಲು ಯೋಗ್ಯ. ಎಸಿಯ ಕೆಲಸ ಚಳಿ ಹುಟ್ಟಿಸುವುದು ಮಾತ್ರವಲ್ಲ, ಗಾಳಿಯನ್ನು ಸುತ್ತಿಸಿ ಅದರ ತೇವ ಇಳಿಸುವುದೂ ಹೌದು. ಸುತ್ತು ಕಡಿದರೆ ಕೆಲಸವೂ ಕೆಡುತ್ತದೆ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕರಾಮದಲ್ಲಿ ಎರಡು ಬಗೆಯ ಮನೆಗಳಿವೆ. ಹಳೆಯ ಕಟ್ಟಡಗಳಲ್ಲಿ ಕೋಣೆಗೊಂದು ವಿಂಡೋ ಎಸಿ ಇಲ್ಲವೇ ಸ್ಪ್ಲಿಟ್. ಇನ್ನು ಕೆಲವು ಕಟ್ಟಡಗಳಲ್ಲಿ ಸೆಂಟ್ರಲ್ ಎಸಿ. ಅಲ್ಲಿ ಫಾಲ್ಸ್ ಸೀಲಿಂಗ್ ಮೇಲೆ ಒಂದು ಯಂತ್ರ, ಅದರಿಂದ ಕೋಣೆಗಳಿಗೆ ಡಕ್ಟ್, ಗೋಡೆಯ ಮೇಲೆ ಒಂದು ಥರ್ಮೋಸ್ಟಾಟ್. ನಮ್ಮ ಹೆಚ್ಚಿನ ಜಗಳಗಳು ಈ ಎರಡನೆಯ ಬಗೆಯ ಮನೆಗಳಲ್ಲೇ ಹುಟ್ಟುವುದು.

ಥರ್ಮೋಸ್ಟಾಟ್ ಇರುವುದು ಹಾಲಿನಲ್ಲಿ. ಅದಕ್ಕೆ ಗೊತ್ತಾಗುವುದು ಹಾಲಿನ ಬಿಸಿ ಮಾತ್ರ. ಹಾಲು 24ಕ್ಕೆ ಇಳಿದ ಕೂಡಲೇ ಯಂತ್ರ ಸುಮ್ಮನಾಗುತ್ತದೆ. ಪಡುವಣದ ಕೋಣೆ ಇನ್ನೂ 29ರಲ್ಲಿದೆ ಎಂಬುದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ನಾವೇನು ಮಾಡುತ್ತೇವೆ? ಹಾಲಿನ ಥರ್ಮೋಸ್ಟಾಟನ್ನು 18ಕ್ಕೆ ಇಳಿಸುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಹಾಲು ಮಂಜಾಗುತ್ತದೆ, ಗ್ರಿಲ್ ಬೆವರಿ ನೀರು ತೊಟ್ಟಿಕ್ಕುತ್ತದೆ, ಆ ತೇವಕ್ಕೆ ಗೋಡೆಯಲ್ಲಿ ಕಪ್ಪು ಬೂಸ್ಟು ಬರುತ್ತದೆ. ಒಳಕೋಣೆ ಹೆಚ್ಚೆಂದರೆ ಒಂದೋ ಎರಡೋ ಡಿಗ್ರಿ ಇಳಿದೀತು. 18ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆ ಎನ್ನುವುದೂ ಸರಿಯಲ್ಲ. ಮನೆಗಳಲ್ಲಿರುವ ಸಾಮಾನ್ಯ ಯಂತ್ರ 24ಕ್ಕೆ ಇಳಿಯುವಾಗಲೂ 18ಕ್ಕೆ ಇಳಿಯುವಾಗಲೂ ಅದೇ ವೇಗದಲ್ಲಿ ಓಡುತ್ತದೆ, ನಿಲ್ಲುವುದು ಮಾತ್ರ ತಡ.

ಮುಂದಿನದು ಬಾಗಿಲು. ಯಂತ್ರ ಕೋಣೆಗೆ ತಣ್ಣನೆಯ ಗಾಳಿ ತಳ್ಳುತ್ತದೆ, ಅಷ್ಟೇ ಗಾಳಿ ಮರಳಿ ಯಂತ್ರಕ್ಕೆ ಬರಬೇಕು. ಮರಳುವ ಗ್ರಿಲ್ ಹೆಚ್ಚಾಗಿ ಹಾಲಿನಲ್ಲೋ ಪ್ಯಾಸೇಜಿನಲ್ಲೋ ಇರುತ್ತದೆ. ಬೆಡ್‌ರೂಮಿನ ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಧೂಳು ಬಾರದಂತೆ ಬಟ್ಟೆ ತುರುಕಿದರೆ, ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲ. ಹೊರಗೆ ಹೋಗದ ಗಾಳಿ ಒಳಗೂ ಬರುವುದಿಲ್ಲ. ತುಂಬಿದ ಕೊಡಕ್ಕೆ ಎಷ್ಟು ನೀರು ಹೊಯ್ದರೇನು?

ಇದನ್ನು ಪರೀಕ್ಷಿಸಲು ಇಂಜಿನಿಯರ್ ಬೇಕಾಗಿಲ್ಲ, ದೇವರ ಮನೆಯ ಊದುಬತ್ತಿ ಸಾಕು. ಎಸಿ ಓಡುತ್ತಿರುವಾಗ ಬೆಡ್‌ರೂಮಿನ ಬಾಗಿಲು ಮುಚ್ಚಿ, ಹಚ್ಚಿದ ಊದುಬತ್ತಿಯನ್ನು ಕೋಣೆಯ ಗ್ರಿಲ್ಲಿನ ಹತ್ತಿರ ಹಿಡಿದು ಹೊಗೆ ಎಷ್ಟು ಜೋರಾಗಿ ಓಡುತ್ತದೆ ನೋಡಬೇಕು. ಆಮೇಲೆ ಬಾಗಿಲನ್ನು ನಾಲ್ಕು ಬೆರಳಿನಷ್ಟು ತೆರೆದು ಮತ್ತೆ ನೋಡಬೇಕು. ಎರಡನೇ ಸಲ ಹೊಗೆ ಎದ್ದು ಕಾಣುವಷ್ಟು ಜೋರಾದರೆ ರೋಗ ಸಿಕ್ಕಿತು. ಬಾಗಿಲ ಕೆಳಗೆ ಸುಮಾರು ಎರಡು ಸೆಂಟಿಮೀಟರ್ ಸಂದಿ ಬಿಡುವುದು, ಅಥವಾ ಮಾಲೀಕರ ಒಪ್ಪಿಗೆ ಪಡೆದು ಬಾಗಿಲಿಗೆ ಒಂದು ಜಾಲರಿ ಕೂರಿಸುವುದು, ಇದು ಬಡಗಿಯ ಕೆಲಸ. ಹೊಸ ಯಂತ್ರದ ಮಾತೇ ಇಲ್ಲ.

ಬಾಗಿಲಿನ ನಂತರ ನೋಡಬೇಕಾದವು ಇನ್ನು ಕೆಲವಿವೆ. ಫಿಲ್ಟರ್ ಧೂಳು ಹಿಡಿದರೆ ಗಾಳಿಯ ಒಟ್ಟು ಒತ್ತಡವೇ ಕುಗ್ಗುತ್ತದೆ, ಆಗ ಮೊದಲು ಸೊರಗುವುದು ಡಕ್ಟಿನ ಕಟ್ಟಕಡೆಯ ಕೋಣೆ. ಕಾಲುವೆಯಲ್ಲಿ ನೀರು ಕಡಿಮೆಯಾದಾಗ ಕೊನೆಯ ಗದ್ದೆ ಮೊದಲು ಒಣಗುವಂತೆ. ಮರಳುಗಾಳಿ ಬೀಸುವ ಊರಿದು, ಬೇಸಿಗೆಯಲ್ಲಿ ತಿಂಗಳಿಗೊಮ್ಮೆಯಾದರೂ ಫಿಲ್ಟರ್ ತೊಳೆಯಬೇಕು. ಮೆತ್ತನೆಯ ಡಕ್ಟ್ ಫಾಲ್ಸ್ ಸೀಲಿಂಗ್ ಒಳಗೆ ಮಡಚಿಕೊಂಡಿರಬಹುದು, ಜೋಡಣೆ ಬಿಟ್ಟು ತಣ್ಣನೆ ಗಾಳಿಯೆಲ್ಲ ಸೀಲಿಂಗ್ ಒಳಗೇ ಸುರಿಯುತ್ತಿರಬಹುದು. ಪ್ರತಿ ಡಕ್ಟಿಗೆ ಡ್ಯಾಂಪರ್ ಎನ್ನುವ ತಗಡಿನ ಬಾಗಿಲಿರುತ್ತದೆ. ಯಾವ ಕೋಣೆಗೆ ಎಷ್ಟು ಗಾಳಿ ಎಂದು ಹಂಚುವುದು ಅದೇ. ಕಟ್ಟಡ ಕಟ್ಟಿದಾಗ ಒಮ್ಮೆ ತಿರುಗಿಸಿಟ್ಟದ್ದನ್ನು ಆಮೇಲೆ ಯಾರೂ ಮುಟ್ಟಿರುವುದಿಲ್ಲ. ಇವು ಮೂರೂ ಟೆಕ್ನಿಶಿಯನ್ ನೋಡಬೇಕಾದವು, ನಾವು ಸ್ಟೂಲ್ ಹತ್ತಿ ಸೀಲಿಂಗ್ ಬಿಚ್ಚಬಾರದು.

ಇಲ್ಲೊಂದು ಮಾತು ಖಾರವಾಗಿಯೇ ಹೇಳಬೇಕು. ದೂರು ಕೊಟ್ಟಾಗ ಬರುವ ಮೇಂಟೆನೆನ್ಸ್‌ನವರು ಹಲವು ಕಟ್ಟಡಗಳಲ್ಲಿ ಒಂದೇ ಮಂತ್ರ ಹೇಳುತ್ತಾರೆ: ‘ಗ್ಯಾಸ್ ಕಡಿಮೆ ಇದೆ.’ ತುಂಬಿಸಿ ಹೋಗುತ್ತಾರೆ, ವಾರದಲ್ಲಿ ಹಳೆಯ ಕಥೆ. ಎಸಿಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಖಾಲಿಯಾಗುವುದಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿಕೆ ಇದೆ, ಅದನ್ನು ಮುಚ್ಚದೆ ತುಂಬಿಸಿ ಪ್ರಯೋಜನವಿಲ್ಲ. ಇನ್ನೂ ಸರಳವಾದ ತರ್ಕ ಹೀಗಿದೆ: ಒಂದೇ ಯಂತ್ರದಿಂದ ಗಾಳಿ ಪಡೆಯುವ ಹಾಲು ನಡುಗಿಸುವಷ್ಟು ತಂಪಿದ್ದು ಬೆಡ್‌ರೂಮ್ ಮಾತ್ರ ಬಿಸಿಯಿದ್ದರೆ, ಯಂತ್ರ ತಂಪು ಮಾಡುತ್ತಿದೆ ಎಂದೇ ಅರ್ಥ. ದೋಷ ಗ್ಯಾಸಿನದ್ದಲ್ಲ, ಹಂಚಿಕೆಯದ್ದು. ಇಷ್ಟನ್ನು ವಿನಯದಿಂದ ಕೇಳಲು ನಾವು ಕಲಿತರೆ ಅರ್ಧ ಕೆಲಸ ಆದಂತೆ.

ಬಿಸಿ ಬರುವ ದಾರಿಯನ್ನೂ ನೋಡಬೇಕು. ಮೇಲಿನ ಮಹಡಿಯವರಿಗೆ ಗೊತ್ತು, ಹಗಲೆಲ್ಲ ಕಾದ ಕಾಂಕ್ರೀಟ್ ಸ್ಲ್ಯಾಬ್ ರಾತ್ರಿ ಹತ್ತರವರೆಗೂ ಬಿಸಿ ಇಳಿಸುತ್ತಲೇ ಇರುತ್ತದೆ. ಪಡುವಣದ ಕಿಟಕಿಗೆ ಮಧ್ಯಾಹ್ನ ಎರಡಕ್ಕೇ ದಪ್ಪ ಪರದೆ ಎಳೆಯಬೇಕು, ಕೋಣೆ ಕಾದ ಮೇಲೆ ಐದಕ್ಕೆ ಎಳೆದು ಪ್ರಯೋಜನವಿಲ್ಲ. ಅಡುಗೆಮನೆಯ ಮತ್ತು ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ದಿನವಿಡೀ ಓಡಿದರೆ ನಾವು ದುಡ್ಡು ಕೊಟ್ಟು ತಂಪು ಮಾಡಿದ ಗಾಳಿಯನ್ನೇ ಹೊರಗೆ ಎಸೆದಂತೆ. ಅದರ ಜಾಗಕ್ಕೆ ಕಿಟಕಿ ಸಂದಿಗಳಿಂದ ಹೊರಗಿನ ಬಿಸಿ, ತೇವದ ಗಾಳಿ ನುಗ್ಗುತ್ತದೆ. ಒಗ್ಗರಣೆ ಹಾಕುವಾಗ ಓಡಲಿ, ಮುಗಿದು ಹತ್ತು ನಿಮಿಷಕ್ಕೆ ನಿಲ್ಲಲಿ. ಬೇಸಿಗೆಯಲ್ಲಿ ಟೆರೇಸಿನ ಟ್ಯಾಂಕಿನ ನೀರು ಕೈ ಸುಡುತ್ತದೆಂದು ಗೀಸರ್ ಆರಿಸಿ, ಗೀಸರಿನೊಳಗಿನ ನೀರನ್ನೇ ತಣ್ಣೀರಾಗಿ ಬಳಸುವ ಉಪಾಯ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ನೀರಿನ ವಿಷಯದಲ್ಲಿ ಇಷ್ಟು ಜಾಣರಾದ ನಾವು ಗಾಳಿಯ ವಿಷಯದಲ್ಲಿ ಮಾತ್ರ ರಿಮೋಟಿನ ಮೊರೆ ಹೋಗುತ್ತೇವೆ.

ಕೋಣೆಗೊಂದು ಎಸಿ ಇರುವ ಮನೆಯಲ್ಲಿ ಬೇರೆ ತಪ್ಪು ನಡೆಯುತ್ತದೆ. ಬಿಲ್ ಉಳಿಸಲು ಒಂದೇ ಎಸಿ ಹಾಕಿ ಎರಡು ಕೋಣೆಯ ಬಾಗಿಲು ತೆರೆದಿಡುತ್ತೇವೆ. ಹಾಗೆ ಮಾಡುವುದೇ ಆದರೆ ತಂಪು ಕೋಣೆಯ ನೆಲದ ಮೇಲೆ ಒಂದು ಫ್ಯಾನ್ ಇಟ್ಟು ಬಿಸಿ ಕೋಣೆಯ ಕಡೆಗೆ ತಿರುಗಿಸಬೇಕು. ತಣ್ಣನೆಯ ಗಾಳಿ ಭಾರ, ಕೆಳಗೇ ಕೂರುತ್ತದೆ. ಅದು ಕೆಳಗಿನಿಂದ ಹೋದರೆ ಬಿಸಿ ಗಾಳಿ ಬಾಗಿಲಿನ ಮೇಲ್ಭಾಗದಿಂದ ಮರಳುತ್ತದೆ. ಇನ್ನು ಬಿಸಿ ಕೋಣೆಗೆ ದೊಡ್ಡ ಎಸಿ ತಂದರಾಯಿತು ಎನ್ನುವವರಿದ್ದಾರೆ. ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು ಶಾಖ ಹೊರಹಾಕುವ ಶಕ್ತಿ. ಸಣ್ಣ ಕೋಣೆಗೆ ಎರಡು ಟನ್ ಹಾಕಿದರೆ ಕೋಣೆ ಬೇಗ ತಣ್ಣಗಾಗಿ ಯಂತ್ರ ಬೇಗ ನಿಲ್ಲುತ್ತದೆ, ತೇವ ಇಳಿಯುವಷ್ಟು ಹೊತ್ತು ಓಡುವುದೇ ಇಲ್ಲ. ದುಬೈಯ ಆಗಸ್ಟಿನ ತೇವದಲ್ಲಿ ಅಂಥ ಕೋಣೆ ತಣ್ಣಗೂ ಇರುತ್ತದೆ, ಅಂಟಂಟಾಗಿಯೂ ಇರುತ್ತದೆ.

ಮೊದಲು ಅಳೆಯೋಣ

ಆಸ್ಪತ್ರೆಯ ಔಷಧ ವಿಭಾಗದಲ್ಲಿ ದುಡಿಯುವ ನಮಗೆ ಒಂದು ಅಭ್ಯಾಸವಿದೆ, ಅದನ್ನು ಮನೆಗೆ ತರಬೇಕೆಂಬುದು ಈ ಲೇಖನದ ಮುಖ್ಯ ಸಲಹೆ. ಔಷಧದ ಉಗ್ರಾಣದಲ್ಲಿ ‘ಇಲ್ಲಿ ತಂಪಿದೆ’ ಎಂಬ ಮಾತಿಗೆ ಬೆಲೆಯಿಲ್ಲ. ಒಂದೇ ಕೋಣೆಯ ಹಲವು ಮೂಲೆಗಳಲ್ಲಿ, ಮೇಲಿನ ಕಪಾಟಿನಲ್ಲಿ, ಬಾಗಿಲ ಬಳಿ, ಎಸಿಯ ಎದುರು ಥರ್ಮಾಮೀಟರ್ ಇಟ್ಟು ಕೆಲವು ದಿನ ಬರೆದಿಡುತ್ತಾರೆ. ಎಲ್ಲಿ ಅತಿ ಬಿಸಿ, ಎಲ್ಲಿ ಅತಿ ತಂಪು ಎಂಬ ನಕ್ಷೆ ಸಿದ್ಧವಾಗುತ್ತದೆ. ಆಮೇಲೆ ದಿನನಿತ್ಯ ಅಳೆಯುವ ಥರ್ಮಾಮೀಟರನ್ನು ಅತಿ ಬಿಸಿಯ ಜಾಗದಲ್ಲಿ ಇಡುತ್ತಾರೆಯೇ ಹೊರತು ಹಿತವಾದ ಜಾಗದಲ್ಲಲ್ಲ. ಏಕೆಂದರೆ ಅಲ್ಲಿ ಸರಿಯಿದ್ದರೆ ಎಲ್ಲ ಕಡೆಯೂ ಸರಿಯಿರುತ್ತದೆ. ಮನೆಗಳಲ್ಲಿ ನಾವು ಇದರ ತಿರುಗುಮುರುಗು ಮಾಡಿದ್ದೇವೆ. ಅತ್ಯಂತ ಹಿತವಾದ ಹಾಲಿನಲ್ಲಿ ಥರ್ಮೋಸ್ಟಾಟ್ ಇಟ್ಟು ಮನೆಯೆಲ್ಲ ಹಿತವಾಗಿದೆ ಎಂದುಕೊಂಡಿದ್ದೇವೆ.

ಸಣ್ಣ ಡಿಜಿಟಲ್ ಥರ್ಮಾಮೀಟರ್ ಕೆಲವೇ ದಿರ್ಹಮ್‌ಗಳಿಗೆ ಸಿಗುತ್ತದೆ. ಮೂರು ದಿನ, ಮಧ್ಯಾಹ್ನ ಮೂರಕ್ಕೆ ಮತ್ತು ರಾತ್ರಿ ಹನ್ನೊಂದಕ್ಕೆ, ಪ್ರತಿ ಕೋಣೆಯಲ್ಲಿ ಮಲಗುವ ಎತ್ತರದಲ್ಲಿ ಅಳೆದು ಒಂದು ಕಾಗದದಲ್ಲಿ ಬರೆಯೋಣ. ಎರಡು ಡಿಗ್ರಿಯೊಳಗಿನ ವ್ಯತ್ಯಾಸ ಸಹಜ ಎಂದುಕೊಳ್ಳೋಣ. ನಾಲ್ಕೈದು ಡಿಗ್ರಿ ಬಂದರೆ ಅದು ಮಾತನಾಡಬೇಕಾದ ವಿಷಯ. ಅಂಕಿ ಕೈಯಲ್ಲಿದ್ದರೆ ಮನೆಯಲ್ಲಿ ಜಗಳವೂ ಕಡಿಮೆ, ವಾಚ್‌ಮನ್ ಮುಂದೆ ದೂರಿಗೂ ತೂಕ. ‘ಸೆಕೆ ಆಗ್ತಿದೆ’ ಎಂದರೆ ‘ನಿಮಗೊಬ್ಬರಿಗೇ’ ಎನ್ನಬಹುದು. 29.5 ಎಂಬ ಅಂಕಿಗೆ ಹಾಗೆ ಹೇಳಲಾಗದು.

ಒಬ್ಬೊಬ್ಬರ ದೇಹಕ್ಕೆ ಒಂದೊಂದು ಹಿತ ಎಂಬುದೂ ನಿಜವೇ. ಕಚೇರಿಗಳ ತಾಪಮಾನ ಲೆಕ್ಕ ಹಾಕುವ ಹಳೆಯ ಮಾದರಿ ಸರಾಸರಿ ಗಂಡಸಿನ ದೇಹದ ಶಾಖವನ್ನು ಆಧಾರವಾಗಿಟ್ಟುಕೊಂಡಿದೆ, ಹೆಂಗಸರ ಲೆಕ್ಕ ಅದರಲ್ಲಿ ತಪ್ಪುತ್ತದೆ ಎಂದು ನೆದರ್‌ಲ್ಯಾಂಡ್ಸ್‌ನ ಇಬ್ಬರು ಸಂಶೋಧಕರು 2015ರಲ್ಲಿ ‘ನೇಚರ್ ಕ್ಲೈಮೇಟ್ ಚೇಂಜ್’ ಪತ್ರಿಕೆಯಲ್ಲಿ ತೋರಿಸಿದರು. ಹಾಗಾದರೆ ಮನೆಯ ರಿಮೋಟ್ ಯಾರ ದೇಹದ ಲೆಕ್ಕದಲ್ಲಿ ನಡೆಯುತ್ತಿದೆ ಎಂದು ನಾವೂ ಒಮ್ಮೆ ಕೇಳಿಕೊಳ್ಳಬಹುದು.

ಬಿಸಿ ಕೋಣೆ ಬರೀ ಅನಾನುಕೂಲವಲ್ಲ. ಎಷ್ಟೋ ಔಷಧಗಳ ಪೊಟ್ಟಣದ ಮೇಲೆ 25 ಡಿಗ್ರಿಗಿಂತ ಕೆಳಗೆ, ಕೆಲವದರ ಮೇಲೆ 30 ಡಿಗ್ರಿಗಿಂತ ಕೆಳಗೆ ಇಡಿ ಎಂದು ಬರೆದಿರುತ್ತದೆ. ನಾವು ಬೆಳಿಗ್ಗೆ ಎಸಿ ಆರಿಸಿ ಕೆಲಸಕ್ಕೆ ಹೋದ ಮೇಲೆ ಪಡುವಣದ ಕೋಣೆಯ ಕಪಾಟು ಆ ಎರಡೂ ಗೆರೆ ದಾಟುತ್ತದೆ. ಮಕ್ಕಳ ಜ್ವರಕ್ಕೆಂದು ಇಟ್ಟ ಸಪೋಸಿಟರಿ ಕರಗಿರುತ್ತದೆ. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ನೈಟ್ರೋಗ್ಲಿಸರಿನ್ ಮಾತ್ರೆ ಬಿಸಿಗೆ ಸತ್ವ ಕಳೆದುಕೊಳ್ಳುತ್ತದೆ, ನೋಡಲು ಮಾತ್ರ ಮೊದಲಿನಂತೆಯೇ ಇರುತ್ತದೆ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯ ಫ್ರಿಜ್ಜಿನಲ್ಲಿರಬೇಕು. ಬಳಸುತ್ತಿರುವ ಪೆನ್ ಪೊಟ್ಟಣದ ಮೇಲೆ ಬರೆದ ಮಿತಿಯೊಳಗೆ, ಬರೆದಷ್ಟು ದಿನ ಮಾತ್ರ ಹೊರಗಿರಬಹುದು. ಔಷಧದ ಡಬ್ಬಿ ಎಲ್ಲಿರಬೇಕೆಂದು ಆ ಮೂರು ದಿನದ ಅಳತೆಯೇ ಹೇಳುತ್ತದೆ. ಒಲೆಯ ಮೇಲಿನ ಕಪಾಟು, ಫ್ರಿಜ್ಜಿನ ತಲೆ, ಬಾತ್‌ರೂಮ್ ಮೂರೂ ಸರಿಯಲ್ಲ.

ಅದಕ್ಕಿಂತ ದೊಡ್ಡ ಚಿಂತೆ ಹಿರಿಯರದ್ದು. ವಯಸ್ಸಾದವರಿಗೆ ಬಾಯಾರಿಕೆ ಬೇಗ ತಿಳಿಯುವುದಿಲ್ಲ, ಬೆವರುವ ಶಕ್ತಿಯೂ ಕುಂದಿರುತ್ತದೆ. ಅದರ ಮೇಲೆ ಬಿಪಿಗೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆಗಳು ಮೈಯ ನೀರು ಇಳಿಸುತ್ತವೆ. ನಿದ್ದೆ ಬರಿಸುವ ಹಳೆಯ ಬಗೆಯ ಅಲರ್ಜಿ ಮಾತ್ರೆಗಳು, ಕೆಲವು ಮಾನಸಿಕ ಕಾಯಿಲೆಯ ಔಷಧಗಳು ಬೆವರನ್ನು ತಡೆಯುತ್ತವೆ. ಇಂಥ ಅಪ್ಪ ಅಮ್ಮನಿಗೆ ನಾವು ‘ಒಳಗಿನ ಕೋಣೆ ಶಾಂತವಾಗಿದೆ’ ಎಂದು ಅತಿ ಬಿಸಿಯ ಕೋಣೆ ಕೊಡುತ್ತೇವೆ. ಅವರೋ, ಮಗನ ಬಿಲ್ ಏರೀತೆಂದು ಮಧ್ಯಾಹ್ನ ಎಸಿಯನ್ನೇ ಆರಿಸಿ ಕೂರುತ್ತಾರೆ. ‘ನಮಗೆ ಅಭ್ಯಾಸ ಉಂಟು ಮಾರಾಯ, ಊರಲ್ಲಿ ಎಸಿ ಎಲ್ಲಿತ್ತು’ ಎನ್ನುತ್ತಾರೆ. ಊರಲ್ಲಿ ತೆರೆದ ಕಿಟಕಿ ಇತ್ತು, ಜಗಲಿ ಇತ್ತು, ಮರದ ನೆರಳಿತ್ತು. ಮುಚ್ಚಿದ ಕಾಂಕ್ರೀಟ್ ಕೋಣೆಯ ಅಭ್ಯಾಸ ಅವರಿಗಿಲ್ಲ. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ವೈದ್ಯರನ್ನು ಕೇಳಬೇಕು. ಕೋಣೆಯನ್ನು ಬದಲಿಸಲು ಮಾತ್ರ ಯಾರನ್ನೂ ಕೇಳಬೇಕಾಗಿಲ್ಲ.

ಬಿಲ್ಲು, ಬಾಡಿಗೆ, ಪಾಲು

ವಿದ್ಯುತ್ತಿಗೆ ಬರುವುದು ದೇವಾ ಬಿಲ್, ಬಂದಾಗ ‘ದೇವಾ’ ಎಂದು ಕೈಮುಗಿಯುವಂತೆ ಮಾಡುವ ಬಿಲ್. ಮನೆಗಳಿಗೆ ತಿಂಗಳಿಗೆ 2000 ಯುನಿಟ್‌ವರೆಗೆ ಯುನಿಟ್ಟಿಗೆ 23 ಫಿಲ್ಸ್, ಅದರಾಚೆ 4000ದವರೆಗೆ 28 ಫಿಲ್ಸ್, ಮೇಲೆ ಇಂಧನ ಸರ್ಚಾರ್ಜ್ ಮತ್ತು ವ್ಯಾಟ್. 1.8 ಕಿಲೋವ್ಯಾಟ್ ಎಳೆಯುವ ಎಸಿಯ ಕಂಪ್ರೆಸರ್ ದಿನಕ್ಕೆ ಹತ್ತು ಗಂಟೆ ನಿಲ್ಲದೆ ಓಡಿದರೆ ದಿನಕ್ಕೆ 18, ತಿಂಗಳಿಗೆ 540 ಯುನಿಟ್. ಕೆಳಗಿನ ದರದಲ್ಲೇ ಸುಮಾರು 124 ದಿರ್ಹಮ್. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಭಾರತದ ಇಂಧನ ದಕ್ಷತಾ ಬ್ಯೂರೋದ ಅಂದಾಜು. ಅಲ್ಲಿ 2020ರ ಜನವರಿಯಿಂದ ಮಾರುವ ರೂಮ್ ಎಸಿಗಳು 24 ಡಿಗ್ರಿಯಲ್ಲೇ ಶುರುವಾಗುವಂತೆ ನಿಯಮ ಬಂದದ್ದೂ ಇದೇ ಕಾರಣಕ್ಕೆ. ಅಂದಮೇಲೆ ಒಂದು ಕೋಣೆಯ ಬಿಸಿಗಾಗಿ ಇಡೀ ಮನೆಯನ್ನು ಆರು ಡಿಗ್ರಿ ಕೆಳಗಿಳಿಸುವುದು ಎಂಥ ದುಂದು ಎಂದು ನೋಡಿ. ಎಲ್ಲ ಕೋಣೆಗೂ 25 ಸಿಕ್ಕರೆ, ಜೊತೆಗೊಂದು ಫ್ಯಾನ್ ತಿರುಗಿದರೆ, ಯಾರಿಗೂ 18 ಬೇಕಾಗುವುದಿಲ್ಲ.

ಬಾಡಿಗೆ ಮನೆಗೆ ನಾವೇಕೆ ತಲೆ ಕೆಡಿಸಿಕೊಳ್ಳಬೇಕು, ಇನ್ನೆರಡು ವರ್ಷಕ್ಕೆ ಎಲ್ಲಿರುತ್ತೇವೋ ಎಂಬ ಮಾತಿಗೆ ಉತ್ತರ ಬೇಕು. ಎರಡು ವರ್ಷ ಎಂದುಕೊಂಡು ಬಂದು ಇಪ್ಪತ್ತು ವರ್ಷ ಕಳೆದವರು ನಮ್ಮಲ್ಲಿ ಎಷ್ಟು ಮಂದಿ! ಅದೂ ಅಲ್ಲದೆ ಎಲ್ಲವೂ ನಮ್ಮ ತಲೆಯ ಮೇಲಿಲ್ಲ. ದುಬೈಯ 2007ರ 26ನೇ ಬಾಡಿಗೆ ಕಾನೂನಿನ 16ನೇ ವಿಧಿಯಂತೆ, ಕರಾರಿನಲ್ಲಿ ಬೇರೆ ಒಪ್ಪಂದ ಇಲ್ಲದಿದ್ದರೆ, ಮನೆಯ ಬಳಕೆಗೆ ಅಡ್ಡಿಯಾಗುವ ದೋಷ ಸರಿಪಡಿಸುವ ಹೊಣೆ ಮಾಲೀಕರದ್ದು. ಅನೇಕ ಕರಾರುಗಳಲ್ಲಿ ಒಂದು ಮೊತ್ತದ ಗೆರೆ ಎಳೆದಿರುತ್ತದೆ: ಅದರೊಳಗಿನ ಸಣ್ಣ ರಿಪೇರಿ ಬಾಡಿಗೆದಾರರದ್ದು, ಮೇಲಿನದು ಮಾಲೀಕರದ್ದು. ಸಹಿ ಹಾಕುವ ಮೊದಲು ಆ ಸಾಲು ಓದಬೇಕು. ಮನೆ ನೋಡಲು ಸಂಜೆ ಏಳಕ್ಕಲ್ಲ, ಮಧ್ಯಾಹ್ನ ಮೂರಕ್ಕೆ ಹೋಗಬೇಕು. ಎಲ್ಲ ಬಾಗಿಲು ಮುಚ್ಚಿಸಿ ಅರ್ಧ ಗಂಟೆ ಎಸಿ ಓಡಿಸಿ ಪ್ರತಿ ಕೋಣೆಯಲ್ಲೂ ನಿಂತು ನೋಡಬೇಕು. ದೂರನ್ನು ಬಾಯಲ್ಲಿ ಹೇಳಿ ಬಿಡದೆ, ಅಳತೆಯ ಚೀಟಿ ಸಮೇತ ಬರೆದು ಕೊಡಬೇಕು. ಅದೇ ಕಾನೂನಿನಂತೆ ಮಾಲೀಕರ ಅನುಮತಿಯಿಲ್ಲದೆ ನಾವೂ ಮನೆಯನ್ನು ಬದಲಿಸುವಂತಿಲ್ಲ, ಇದು ಬಾಗಿಲು ಕೊರೆಯುವವರಿಗೂ ನೆನಪಿರಲಿ.

ಹಾಲಿಗೆ ಅಡ್ಡ ಹಲಗೆ ಹಾಕಿ ಪಾರ್ಟಿಷನ್ ಮಾಡುವುದನ್ನು ಮುಚ್ಚಿಟ್ಟು ಈ ವಿಷಯ ಬರೆಯಲಾಗದು. ಅನುಮತಿಯಿಲ್ಲದ ಪಾರ್ಟಿಷನ್ ಕಾನೂನಿಗೆ ವಿರುದ್ಧ, ಬೆಂಕಿ ಬಿದ್ದರೆ ಪ್ರಾಣಕ್ಕೆ ಅಪಾಯ. ಗಾಳಿಯ ದೃಷ್ಟಿಯಿಂದಲೂ ಅದು ಅನ್ಯಾಯ. ಗ್ರಿಲ್ ಒಂದು ಬದಿಗೆ, ಮನುಷ್ಯ ಇನ್ನೊಂದು ಬದಿಗೆ. ಬಾಡಿಗೆ ಕೊಟ್ಟವನಿಗೆ ಗೋಡೆಯಾಚೆಯ ತಂಪಿನ ಸದ್ದು ಮಾತ್ರ ಕೇಳಿಸುತ್ತದೆ. ಮಾಲೀಕರ ಲಿಖಿತ ಒಪ್ಪಿಗೆಯೊಂದಿಗೆ ಕೋಣೆ ಹಂಚಿಕೊಂಡು ಇರುವವರೂ ಒಂದು ನಿಯಮ ಮಾಡಿಕೊಳ್ಳಬೇಕು. ಬಿಲ್ಲನ್ನು ತಲೆ ಎಣಿಸಿ ಸಮನಾಗಿ ಹಂಚುವುದಾದರೆ ತಂಪನ್ನೂ ಸಮನಾಗಿ ಹಂಚಬೇಕು. ಅದು ಆಗದಿದ್ದರೆ ಬಿಸಿ ಕೋಣೆಯವರ ಪಾಲು ಕಡಿಮೆಯಾಗಬೇಕು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮನೆ ಸೇರುವ ದಿನವೇ ಈ ಮಾತು ಆಗಿಬಿಟ್ಟರೆ ಆಗಸ್ಟಿನಲ್ಲಿ ಮುಖ ತಿರುಗಿಸಿಕೊಂಡು ಓಡಾಡುವುದು ತಪ್ಪುತ್ತದೆ.

ಸಂಘಕ್ಕೊಂದು ಕೋರಿಕೆ

ಕೊನೆಯದಾಗಿ ನಮ್ಮ ಸಂಘದ ಪದಾಧಿಕಾರಿಗಳಲ್ಲಿ ಒಂದು ಬಿನ್ನಹ. ಐಟಿಐ ಕಲಿತು ಬಂದು ಇಲ್ಲಿ ಎಸಿ ಕೆಲಸದಲ್ಲಿರುವ ನಮ್ಮ ಊರಿನ ಹುಡುಗರಿದ್ದಾರೆ. ಅವರನ್ನು ನಾವು ವೇದಿಕೆಗೆ ಕುರ್ಚಿ ಜೋಡಿಸಲು ಕರೆಯುತ್ತೇವೆ, ಅವರ ವಿದ್ಯೆಗಾಗಿ ಕರೆಯುವುದಿಲ್ಲ. ಪ್ರತಿ ವರ್ಷ ಏಪ್ರಿಲಿನಲ್ಲಿ, ಬೇಸಿಗೆ ಏರುವ ಮೊದಲು, ಒಂದು ಭಾನುವಾರ ಅವರಿಂದಲೇ ಎರಡು ಗಂಟೆಯ ಪಾಠ ಮಾಡಿಸೋಣ: ಫಿಲ್ಟರ್ ತೊಳೆಯುವುದು ಹೇಗೆ, ಊದುಬತ್ತಿ ಪರೀಕ್ಷೆ ಹೇಗೆ, ಮೇಂಟೆನೆನ್ಸ್‌ನವರನ್ನು ಏನು ಕೇಳಬೇಕು, ಕರಾರಿನಲ್ಲಿ ಯಾವ ಸಾಲು ನೋಡಬೇಕು. ರಿಪೇರಿ ಕೆಲಸವನ್ನು ಕಟ್ಟಡದವರೇ ಮಾಡಲಿ, ನಮ್ಮವರು ತಿಳಿವಳಿಕೆ ಕೊಟ್ಟರೆ ಸಾಕು. ಜೊತೆಗೆ ಹತ್ತು ಥರ್ಮಾಮೀಟರ್ ಕೊಂಡು, ಗ್ರಂಥಾಲಯದ ಪುಸ್ತಕದಂತೆ, ಕೇಳಿದ ಮನೆಗೆ ಮೂರು ದಿನಕ್ಕೆ ಕೊಟ್ಟು ವಾಪಸ್ ಪಡೆಯೋಣ. ಮುಂದಿನ ಕಾರ್ಯಕ್ರಮದಲ್ಲಿ ಎರಡು ಸನ್ಮಾನದ ಶಾಲು ಕಡಿಮೆಯಾದರೆ ಆ ಖರ್ಚಿನ ಒಂದಿಷ್ಟು ಭಾಗ ಹೊಂದೀತು. ಹೇಗೂ ಈ ಊರಿನಲ್ಲಿ ಶಾಲು ಬೇಕಾಗುವುದು ಎಸಿ ಹಾಲಿನೊಳಗೆ ಮಾತ್ರ.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬಹುದಾದ್ದು ಒಂದಿದೆ, ಖರ್ಚಿಲ್ಲದ್ದು. ಮನೆಯ ಯಜಮಾನರು ಈ ಬೇಸಿಗೆಯಲ್ಲಿ ಮೂರು ರಾತ್ರಿ ಅತಿ ಬಿಸಿಯ ಕೋಣೆಯಲ್ಲಿ, ಬಾಗಿಲು ಮುಚ್ಚಿಕೊಂಡು ಮಲಗಲಿ. ನಾಲ್ಕನೆಯ ದಿನ ಬೆಳಿಗ್ಗೆ ಬಡಗಿಗೂ ಮೇಂಟೆನೆನ್ಸಿಗೂ ಫೋನ್ ಹೋಗುತ್ತದೆ, ಯಾರೂ ನೆನಪಿಸಬೇಕಾಗಿಲ್ಲ.